ಗಾಜಿಪುರದ ಪಡಸಾಲೆಯಲ್ಲಿ ಗಾಲಿ ಜೋಡು

ಕಲಬುರ್ಗಿ ಸ್ಟೇಷನ್ನಿನಲ್ಲಿ ಕರೋಡಗಿರಿಯ ಜವಾನ ನಮ್ಮ ಹಾಸಿಗೆಯ ಸುರುಳಿ ಬಿಚ್ಚಿ, ಒಳಗಿನಿಂದ ಗಾಲಿ ಹಚ್ಚಿದ ಎರಡು ಕಬ್ಬಿಣದ ಪಟ್ಟಿಗಳನ್ನು ಎತ್ತಿ ಹಿಡಿದಾಗ, ಅವು ಏನೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕರೋಡಗಿರಿ ಎಂದರೆ ಇಂಗ್ರೇಜಿ ಸೀಮೆಯಿಂದ ನಿಜಾಮರ ಸೀಮೆಗೆ ಬರುವ ಸಾಮಾನಿಗೆ ಸುಂಕ ಹಾಕುವ ಕಚೇರಿ. ರೈಲಿನಿಂದ ಇಳಿದವರ ಹಾಸಿಗೆಯನ್ನು ಹೀಗೆ ಎಲ್ಲರೆದುರು ಬಿಚ್ಚುತ್ತಾರೆಂದು ಬೆಳಗಾವಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಮದುವೆಯಾಗಿ ಇನ್ನೂ ಹದಿನೈದು ದಿನ ಕಳೆದಿರಲಿಲ್ಲ. ಜವಾನ ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿ, "ಯೇ ಕ್ಯಾ ಹೈ, ಸಾವಕಾರ್?" ಎಂದು ಕೇಳಿದ.

ನಮ್ಮವರು ನನ್ನ ಕಡೆ ನೋಡದೆ, "ನಮ್ಮ ಮನ್ಯಾಗಿನವ್ರಿಗಿ ತಂದೀನಿ. ಕಾಲಿಗಿ ಕಟ್ಕೋತಾರ" ಎಂದರು.

ಸ್ಕೇಟು ಎಂಬ ಈ ಗಾಲಿ ಜೋಡನ್ನು ಮುಂಬಯಿಗೆ ತೊಗರಿ ವ್ಯಾಪಾರಕ್ಕೆ ಹೋದಾಗ ಕೊಂಡು ಬಚ್ಚಿಟ್ಟಿದ್ದರಂತೆ. ಅಲ್ಲಿದ್ದವರೆಲ್ಲ ನನ್ನ ಕಾಲಿನತ್ತ ನೋಡಿದರು. ನಾನು ಸೀರೆಯ ಅಂಚು ಜಗ್ಗಿ ಪಾದ ಮುಚ್ಚಿಕೊಂಡೆ.

ಅತ್ತೆ ಇರುವುದು ಕಮಲಾಪುರದಲ್ಲಿ, ಹೊಲ ಮತ್ತು ಬಾಳೆಯ ತೋಟ ನೋಡಿಕೊಂಡು. ಎತ್ತಿನ ಗಾಡಿಯಲ್ಲಿ ಹೋದರೆ ಅಲ್ಲಿಗೆ ಒಂದು ಇಡೀ ದಿನ. ವ್ಯಾಪಾರಕ್ಕೆಂದು ನಾವಿಬ್ಬರೇ ಕಲಬುರ್ಗಿಯ ಗಾಜಿಪುರದಲ್ಲಿ ಮನೆ ಮಾಡಿದೆವು. ತವರಿನಲ್ಲಿ ಆಷಾಢದ ಮಳೆಗೆ ಗೋಡೆಗಳೇ ಬೆವರುತ್ತಿದ್ದವು. ಇಲ್ಲಿ ಒಣಹಾಕಿದ ಸೀರೆ ನಾನು ತಿರುಗಿ ನೋಡುವಷ್ಟರಲ್ಲಿ ಗರಿಗರಿಯಾಗುತ್ತಿತ್ತು. ಅಲ್ಲಿ ಎರಡು ಹೊತ್ತು ಅನ್ನ, ಇಲ್ಲಿ ಎರಡು ಹೊತ್ತು ಜೋಳದ ರೊಟ್ಟಿ. ನನ್ನ ರೊಟ್ಟಿ ಬಡಿಯುವಾಗಲೇ ಹರಿಯುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಪೇಟೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಬೇಕಾಗಿದ್ದ ಉರ್ದು ನನಗೆ ಬರುತ್ತಿರಲಿಲ್ಲ. ನಮ್ಮವರು ಅಂಗಡಿಗೆ ಹೋದ ಮೇಲೆ ಸಂಜೆಯವರೆಗೆ ಮಾತಾಡದೆ ಇದ್ದು ಇದ್ದು, ಒಮ್ಮೊಮ್ಮೆ ನನ್ನ ದನಿ ಇದೆಯೋ ಇಲ್ಲವೋ ಎಂದು ನೋಡಲು ಕೊಡದ ಬಾಯಿಗೆ ಬಗ್ಗಿ ಕೂಗುತ್ತಿದ್ದೆ.

ಆದರೆ ಇಲ್ಲಿನ ನೆಲ! ತವರಿನಲ್ಲಿ ಸಗಣಿ ಸಾರಿಸಿದ ನೆಲ. ಈ ಗಾಲಿಗಳು ಅಲ್ಲಿ ಹೂತುಹೋಗುತ್ತಿದ್ದವು. ಗಾಜಿಪುರದ ಮನೆಯ ಪಡಸಾಲೆಗೆ ಶಹಾಬಾದದ ಫರ್ಸಿ ಹಾಸಿತ್ತು. ತಿಂಗಳ ಬೆಳಕು ಬಿದ್ದ ನೀರಿನಂತಹ ಬಣ್ಣದ, ನುಣುಪಾದ ಕಲ್ಲು. ಸುಗ್ಗಿಯಲ್ಲಿ ತೊಗರಿಯ ಚೀಲ ಒಟ್ಟಲೆಂದು ಕಟ್ಟಿದ ಉದ್ದನೆಯ ಪಡಸಾಲೆ ಅದು. ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತಿತ್ತು.

ಸ್ಕೇಟು ಕೂರಲು ಗಟ್ಟಿ ಅಟ್ಟೆ ಬೇಕು. ಕಾನ್ವೆಂಟಿನ ಹಳೆಯ ಬೂಟು ಹಾಕಿಕೊಂಡೆ. ನಮ್ಮವರು ಕೆಳಗೆ ಕೂತು, ಸಣ್ಣ ಕೀಲಿಯಿಂದ ಕಬ್ಬಿಣದ ಹಲ್ಲುಗಳನ್ನು ಬಿಗಿ ಮಾಡಿ, ಚರ್ಮದ ಪಟ್ಟಿ ಕಟ್ಟಿದರು. ನನ್ನ ಎರಡೂ ಕೈ ಹಿಡಿದು ತಾವು ಹಿಂದೆ ಹಿಂದೆ ನಡೆದರು. "ಕೆಳಗ ನೋಡಬ್ಯಾಡ, ನನ್ನ ನೋಡು" ಎನ್ನುತ್ತಿದ್ದರು. ಸಂಜೆ ದೀಪ ಹಚ್ಚುವ ಮೊದಲು ದಿನವೂ ಇದೇ ನಮ್ಮ ಆಟ. ಕೈ ಬಿಟ್ಟರೆ ನಾನು ಬೀಳುತ್ತಿದ್ದೆ. ಬೀಳಲು ಒಂದು ತೊಗರಿ ಕಾಳು ಗಾಲಿಗೆ ಸಿಕ್ಕರೆ ಸಾಕಾಗಿತ್ತು. ಆದ್ದರಿಂದ ಮೂರು ಸಲ ಕಸ ಹೊಡೆಯುತ್ತಿದ್ದೆ.

ಕೆಲವು ದಿನಕ್ಕೆ ಗಾಲಿಗಳು ಕಿರ್ರೆನ್ನತೊಡಗಿದಾಗ ಅಡುಗೆಮನೆಯ ಕುಸುಬಿ ಎಣ್ಣೆ ಬಿಟ್ಟೆ. ವಾರದಲ್ಲಿ ಅದು ಅಂಟಿನಂತೆ ಗಟ್ಟಿಯಾಗಿ, ಗಾಲಿ ತಿರುಗುವುದನ್ನೇ ಬಿಟ್ಟಿತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಅಮೀನಾಬಿ ಖಾಲಾ ಬಂದು ನೋಡಿ, ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬರುವವರೆಗೂ ನಗು ತಡೆದುಕೊಂಡರು.

"ಬೇಟಿ, ಲೋಹಾಕ್ಕ ಬಘಾರ್, ಒಗ್ಗರಣಿ ಹಾಕಿದ್ಯೇನ? ಇನ್ನ ಸಾಸವಿ, ಕರಿಬೇವು ಅಷ್ಟೇ ಉಳಿದಾವ" ಎಂದರು.

ಚಿಮಣಿ ಎಣ್ಣೆಯಲ್ಲಿ ತೊಳೆದು, ತಮ್ಮ ಹೊಲಿಗೆ ಮಷೀನಿನ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟುಕೊಟ್ಟವರು ಅವರೇ. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ, ನನ್ನ ತಾಯಿಯ ವಯಸ್ಸಿನವರು; ಅದಕ್ಕೇ ಖಾಲಾ, ಅಂದರೆ ಚಿಕ್ಕಮ್ಮ. ರೊಟ್ಟಿಯ ಹಿಟ್ಟಿಗೆ ಎಷ್ಟು ಕುದಿನೀರು ಎನ್ನುವುದನ್ನೂ ಅವರೇ ಹೇಳಿಕೊಟ್ಟರು.

ಹೀಗೆ ನಾಲ್ಕು ವರ್ಷ ಕಳೆದವು. ಕಮಲಾಪುರಕ್ಕೆ ಹೋದಾಗಲೆಲ್ಲ ಅತ್ತೆ ನನ್ನ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ತೋಟದ ಕೆಂಪು ಬಾಳೆಹಣ್ಣು ಹಾಕುತ್ತಿದ್ದರು. ಹಾಕಿ, ನನ್ನ ಹೊಟ್ಟೆಯ ಕಡೆ ಒಂದು ಗಳಿಗೆ ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಿದ್ದರು. ಕೇಳಿದ್ದರೆ ಚೆನ್ನಾಗಿತ್ತು. ಆಮೇಲೆ ನಮ್ಮವರು ಒಬ್ಬರೇ ಹೋಗತೊಡಗಿದರು. ಹೋದವರು ಎಂಟು ದಿನ, ಹತ್ತು ದಿನ ಬರುತ್ತಿರಲಿಲ್ಲ. ಬಂದರೂ ಸಂಜೆಯ ಆಟ ನೆನಪಿಗೆ ಬರುತ್ತಿರಲಿಲ್ಲ. ಅವರ ಮನಸ್ಸು ನನ್ನಿಂದ ಸರಿಯುತ್ತಿದೆ ಎಂದು ನನಗೆ ಭಯ. ಅದನ್ನು ಹಿಡಿದು ನಿಲ್ಲಿಸಲು ನನ್ನಲ್ಲಿ ಬೇರೆ ಏನೂ ಇರಲಿಲ್ಲವೆಂದೋ ಏನೋ, ಒಬ್ಬಳೇ ಸ್ಕೇಟು ಕಲಿಯಲು ನಿಂತೆ. ಬಿದ್ದೆ, ಮೊಳಕಾಲು ತರಚಿತು, ಅರಿಷಿಣ ಮೆತ್ತಿಕೊಂಡು ಮತ್ತೆ ನಿಂತೆ. ಖಾಲಾ ಪಕ್ಕದ ಬಾಗಿಲಲ್ಲಿ ಕೂತು ಗುಂಡಿ ಹೊಲಿಯುತ್ತ, ನಾನು ಬಿದ್ದಾಗಲೆಲ್ಲ "ಏಕ್", "ದೋ" ಎಂದು ಎಣಿಸುತ್ತಿದ್ದರು. ಒಂದು ದಿನ ಎಣಿಸುವ ಕೆಲಸವೇ ಬೀಳಲಿಲ್ಲ. ಗೋಡೆಯಿಂದ ಬಾಗಿಲವರೆಗೆ ಯಾರ ಕೈಯೂ ಇಲ್ಲದೆ ಹೋಗಿದ್ದೆ.

ಮರುದಿನ ಸಂಜೆ ಟಾಂಗಾ ನಿಂತ ಸದ್ದಾಯಿತು. ಸ್ಕೇಟು ಕಟ್ಟಿಕೊಂಡೇ ಇದ್ದೆ. ನಮ್ಮವರು ಹೊಸ್ತಿಲು ದಾಟಿದ ಕೂಡಲೇ ಆಚೆಯ ಗೋಡೆಗೆ ಕೈ ಒತ್ತಿ ಹೊರಟೆ. ಅವರು ಗಂಟು ಕೆಳಗಿಟ್ಟು, ಬೆರಗಾಗಿ, ಅಭ್ಯಾಸದಂತೆ ಎರಡೂ ಕೈ ಮುಂದೆ ಚಾಚಿದರು. ಅಂಗಿಯ ತೋಳು ಹಿಂದೆ ಸರಿಯಿತು. ಬಲಗೈ ಮಣಿಕಟ್ಟಿನಲ್ಲಿ ಅರಿಷಿಣ ಕೊಂಬು ಕಟ್ಟಿದ ದಾರ. ಮದುವೆಯ ಕಂಕಣ.

ನಾನು ಹೋಗುವುದನ್ನು ಕಲಿತಿದ್ದೆ. ನಿಲ್ಲುವುದು ನನಗೆ ಬರುತ್ತಿರಲಿಲ್ಲ. ಇಷ್ಟು ವರ್ಷವೂ ಅವರು ಹಿಡಿದಾಗಲೇ ನಿಂತಿದ್ದೆ. ಪಡಸಾಲೆ ಇನ್ನೂ ಅರ್ಧ ಉಳಿದಿತ್ತು. ಆ ದಾರವನ್ನು ನೋಡುತ್ತ ನೋಡುತ್ತಲೇ ಬಂದು ಅವರ ತೋಳಿನಲ್ಲಿ ಬಿದ್ದೆ.

ಖಾಲಾ ತಮ್ಮ ಕಡೆಯ ಬಾಗಿಲನ್ನು ಸದ್ದಿಲ್ಲದೆ ಮುಂದಕ್ಕೆ ಎಳೆದುಕೊಂಡರು.

"ಅವ್ವ ಮೂರು ದಿನ ಉಂಡಿರಲಿಲ್ಲ" ಎಂದರು ನಮ್ಮವರು. "ನಾ ಏನ್ ಮಾಡ್ಲಿ, ಹೇಳು."

ನಾನು ನೆಲದಲ್ಲಿ ಕೂತು ಸ್ಕೇಟು ಬಿಚ್ಚತೊಡಗಿದೆ. ಕೀಲಿ ತಪ್ಪು ದಿಕ್ಕಿಗೆ ತಿರುಗಿ ಮತ್ತಷ್ಟು ಬಿಗಿಯಿತು. ಅವರು ಬಗ್ಗಿ ಕೈ ಹಾಕಲು ಬಂದರು. ಬೇಡವೆಂದೆ.

ವಿಷಯ ತಿಳಿದು ಅಣ್ಣ ಬೆಳಗಾವಿಯಿಂದ ಬಂದ, ಕರೆದೊಯ್ಯಲು. ನಾನೂ ಹೊರಟೆ. ಅತ್ತೆಗೆ ಒಂದು ನಮಸ್ಕಾರ ಮಾಡದೆ ಹೋಗಬಾರದೆಂದು ಇಬ್ಬರೂ ಗಾಡಿ ಕಟ್ಟಿಸಿಕೊಂಡು ಕಮಲಾಪುರಕ್ಕೆ ಹೋದೆವು. ಅಲ್ಲಿಯೇ ಇದ್ದ ನಮ್ಮವರು ಅಂದು ಹೊಲದ ಕಡೆ ಹೋಗಿದ್ದರು. ಅತ್ತೆ ನನ್ನ ಮುಖ ನೋಡಲಾರದೆ ಒಲೆಯ ಮುಂದೆಯೇ ಕೂತರು. ನೀರಿನ ತಂಬಿಗೆ ತಂದವಳು ಹೊಸ ಸೊಸೆ ಗುರಮ್ಮ. ಹದಿನಾಲ್ಕಿರಬಹುದು. ಹೊಸ ಕಾಲುಂಗುರ ಬೆರಳಿಗೆ ದೊಡ್ಡದಾಗಿ, ಜಾರದಂತೆ ನೂಲು ಸುತ್ತಿಕೊಂಡಿದ್ದಳು. ನನ್ನ ಬೂಟನ್ನೇ ನೋಡುತ್ತ ನಿಂತಳು.

"ಅಕ್ಕ, ನಿಮಗ ಗಾಲಿ ಜೋಡಿನ ಮ್ಯಾಲ ಓಡ್ಲಾಕ ಬರ್ತದಂತ ಖರೇ ಏನ್ರಿ?"

ಯಾರು ಹೇಳಿದರೆಂದು ಕೇಳಿದೆ.

"ಅವ್ರೇ ಹೇಳ್ತಾರ್ರಿ. ಯಾರ ಕೈ ಹಿಡೀದೇ ಬಂದಳು, ಅಷ್ಟು ಚಂದ ನಾ ಏನೂ ನೋಡಿಲ್ಲ ಅಂತಾರ. ಹೇಳ್ಕೋತ ಅಳ್ತಾರ." ಅವಳು ತಂಬಿಗೆಯ ಕಂಠವನ್ನು ಹೆಬ್ಬೆರಳಿನಿಂದ ಉಜ್ಜಿದಳು. "ನನ್ನ ಕೂಡ ಬ್ಯಾರೆ ಏನೂ ಮಾತಾಡಂಗಿಲ್ರಿ."

ಅವಳ ಮೇಲೆ ಸಿಟ್ಟಾಗಬೇಕೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡು ಬಂದಿದ್ದೆ. ತಂಬಿಗೆ ತೆಗೆದುಕೊಂಡು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

ಅಣ್ಣ ಒಬ್ಬನೇ ರೈಲು ಹತ್ತಿದ; ನಾನು ಗಾಜಿಪುರದಲ್ಲೇ ಉಳಿದೆ. ನನ್ನ ಮೇಲೆ ಅವನಿಗೆ ಈಗಲೂ ಸಿಟ್ಟಿದೆ. ಬೆಳಗಾವಿಯ ಗೆಳತಿಯರೇ, ಬಾ ಬಾ ಎಂದು ನೀವು ಬರೆಯುತ್ತೀರಿ. ಹಬ್ಬಕ್ಕೆ ಬಂದಾಗ ನಿಮ್ಮ ಅನ್ನ ನನಗೆ ಹೊಟ್ಟೆ ತುಂಬುವುದಿಲ್ಲ. ಎರಡೇ ದಿನಕ್ಕೆ ರೊಟ್ಟಿ ಬೇಕೆನಿಸುತ್ತದೆ. ಇಲ್ಲಿ ರೊಟ್ಟಿ ಬಡಿಯುವಾಗ ನಿಮ್ಮ ಮಳೆ ನೆನಪಾಗಿ ಕೈ ನಿಲ್ಲುತ್ತದೆ. ಅಣ್ಣನ ಜೊತೆ ಯಾಕೆ ಬರಲಿಲ್ಲವೆಂದು ಕೇಳಿದಿರಲ್ಲ, ಹೇಳುತ್ತೇನೆ. ಗುರಮ್ಮನಿಗೆ ಹೇಳಿದ ಆ ಮಾತನ್ನು ನಮ್ಮವರು ಇನ್ನೂ ನನಗೆ ಹೇಳಿಲ್ಲ. ಒಂದು ಸಲ ಅವರ ಬಾಯಿಂದಲೇ ಕೇಳಬೇಕು. ಕೇಳಿದ ಮೇಲೆ ಬಂದುಬಿಡುತ್ತೇನೆ ಎಂದು ಬರೆಯಲು ಹೊರಟಿದ್ದೆ. ಕೇಳಿದ ಮೇಲೆ ಬರಲಾದೀತೇ ಎಂದು ತಿಳಿಯದೆ ಇಲ್ಲಿಗೇ ಲೇಖನಿ ಇಡುತ್ತಿದ್ದೇನೆ.