ಮೆಣಸಿನಕಾಯಿ ಚೀಲದ ಪರದೆ

ಬ್ಯಾಡಗಿಯ ನಮ್ಮ ಮನೆಯಲ್ಲಿ ಪಡಸಾಲೆಯ ಪಕ್ಕದ ಕೋಣೆಗೆ ಒಂದು ದೊಡ್ಡ ಕಿಟಕಿ. ಮುಂಜಾನೆಯ ಬಿಸಿಲು ಒಳಗೆ ಬಂತೆಂದರೆ ನೇರ ಮಂಚದ ಮೇಲೇ ಕೂಡ್ರುತ್ತದೆ. ಮದುವೆಯಾಗಿ ಬಂದು ಆರು ವರ್ಷವಾದರೂ ಅದಕ್ಕೊಂದು ಪರದೆ ಬೇಕೆಂದು ನನಗೆ ಅನ್ನಿಸಿರಲಿಲ್ಲ. ಹಾವೇರಿಯಲ್ಲಿ ದೊಡ್ಡವ್ವನ ಕಣ್ಣಿನ ಪೊರೆ ತೆಗೆಸಲು ದಿನ ಗೊತ್ತಾದಾಗ ಅನ್ನಿಸಿತು.

ದೊಡ್ಡವ್ವ ನನ್ನ ಅವ್ವನ ಅಕ್ಕ, ಹೊಸರಿತ್ತಿಯವಳು. ನಾನು ಮಾತು ಕಲಿತದ್ದೂ ಸೂಜಿ ಹಿಡಿಯಲು ಕಲಿತದ್ದೂ ಆಕೆಯ ಮಗ್ಗುಲಲ್ಲಿ ಕೂತು. ಆಪರೇಷನ್ ಆದ ಮೇಲೆ ಒಂದು ತಿಂಗಳು ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕು. ಆಕೆಯ ಮನೆಯವರೆಲ್ಲ ಬೆಳಗಾದರೆ ಹೊಲಕ್ಕೆ ಹೋಗುವವರು. ನನ್ನ ಹತ್ತಿರ ಬಂದಿರು ಅಂದೆ.

"ಎರಡು ದಿನ ಇರ್ತೇನಿ. ನಿನ್ನ ಆ ಕ್ವಾಣಿ ನೋಡೇನಲ್ಲ, ಬಿಳೀ ಗ್ವಾಡಿ, ಬೋಳು ಕಿಟಕಿ. ಒಂದು ದವಾಖಾನಿ ಬಿಟ್ಟು ಇನ್ನೊಂದು ದವಾಖಾನಿಗೆ ಬಂದಂಗ ಆಕ್ಕೈತಿ," ಅಂದಳು.

ಡಾಕ್ಟರು ಬಿಸಿಲಿನ ಝಳ ಬೇಡ, ಧೂಳು ಬೇಡ, ಜೋರಾಗಿ ಸೀನುವುದಂತೂ ಬೇಡ ಅಂದಿದ್ದರು. ಎರಡು ದಿನಕ್ಕೆ ಎದ್ದು ಹೋದರೆ ಆ ಕಣ್ಣನ್ನು ಕಾಯುವವರು ಯಾರು? ಕೋಣೆಯನ್ನೇ ಆಕೆಗೆ ಇರಬೇಕೆನ್ನಿಸುವ ಹಾಗೆ ಮಾಡಬೇಕೆಂದು ಹಟ ಬಂತು.

ನಮ್ಮೂರಲ್ಲಿ ಯಾವುದಕ್ಕೆ ಬರವಿದ್ದರೂ ಮೆಣಸಿನಕಾಯಿಯ ಗೋಣಿಚೀಲಕ್ಕಿಲ್ಲ. ನಾಲ್ಕು ಹಳೆಯ ಚೀಲ ಬಿಚ್ಚಿ, ಸೋಪು ಹಾಕಿ ಎರಡು ಸಲ ಒಗೆದು, ಮಾಳಿಗೆಯ ಮೇಲೆ ಒಣಗಿಸಿದೆ. ನಡುನಡುವೆ ಎಳೆ ಕಿತ್ತು ಜಾಳಿಯ ಹಾಗೆ ಮಾಡಿದೆ. ಹರಿದ ಇಳಕಲ್ ಸೀರೆಯ ದಡಿಯನ್ನು ಕೆಳಗೆ ಹಚ್ಚಿ, ಬಿದಿರಿನ ಕೋಲಿಗೆ ಪೋಣಿಸಿ ತೂಗುಹಾಕಿದೆ. ಬಿಸಿಲು ಅದರೊಳಗಿಂದ ಸೋಸಿಕೊಂಡು ಬೆಲ್ಲದ ಬಣ್ಣಕ್ಕೆ ಬಂತು.

"ಭಾಳ ಚಂದ ಆಗೈತಿ. ಮೂಲ್ಯಾಗ ಒಂದು ತಕ್ಕಡಿ ಇಟ್ಟುಬಿಡು, ಮೆಣಸಿನಕಾಯಿ ದಲಾಲಿ ಅಂಗಡಿನ ಆತು," ಅಂದರು ನಮ್ಮ ಮನೆಯವರು.

ಆಪರೇಷನ್ನಿಗೆ ಮೂರು ದಿನ ಇರುವಾಗ ರಾಣೆಬೆನ್ನೂರಿನಿಂದ ನಾದಿನಿ ಬಂದಳು. ಮಂಚದ ಮೇಲೆ ಕೂತವಳೇ ಸೀನತೊಡಗಿದಳು. ಏಳು ಸಲ.

"ವೈನಿ, ಒಳಗ ಒಗ್ಗರಣಿ ಹೊತ್ತಿಸೀರೇನು?"

ನಾನು ಪರದೆಗೆ ಮೂಗು ಹಚ್ಚಿದೆ. ಸೋಪಿನ ವಾಸನೆ ಅಷ್ಟೇ. ನಮ್ಮ ಮನೆಯವರೂ ಮೂಸಿದರು, ಪಕ್ಕದ ಮನೆಯಾಕೆಯೂ ಮೂಸಿದಳು. ಯಾರಿಗೂ ಏನೂ ಇಲ್ಲ. ಪರದೆಯನ್ನು ಪಡಸಾಲೆಗೆ ಒಯ್ದು ನಾದಿನಿಯನ್ನು ಅದರ ಹತ್ತಿರ ಕೂಡ್ರಿಸಿದೆ. ಅಲ್ಲಿಯೂ ಸೀನಿದಳು. ಪರದೆಯಿಲ್ಲದ ಕೋಣೆಗೆ ಕಳಿಸಿದರೆ ಸೀನು ನಿಂತಿತು.

"ಈ ಊರಾಗ ಇದ್ದು ಇದ್ದು ನಿಮ್ಮೆಲ್ಲಾರ ಮೂಗೂ ಘಾಟಿಗೆ ಬಡ್ಡಾಗ್ಯಾವ್ರಿ," ಅಂದಳು ಕಣ್ಣೊರೆಸಿಕೊಳ್ಳುತ್ತ.

ನನಗೋ ಕುತೂಹಲ. ಇಷ್ಟು ವರ್ಷ ಹಗಲೆಲ್ಲ ಉಸಿರಾಡಿದ ಘಾಟು ನನಗೇ ಗೊತ್ತಿಲ್ಲದ ಹಾಗೆ ನನ್ನ ಮೂಗು ಯಾವಾಗ ಈ ಊರಿನದಾಯಿತು? ಪರದೆಯನ್ನು ಬಿಸಿನೀರಲ್ಲಿ ಒಗೆದೆ. ನಾದಿನಿಗೆ ನಾಲ್ಕು ಸೀನು. ಮರುದಿನ ಸೋಡಾದಲ್ಲಿ ನೆನೆಸಿ ಒಗೆದೆ. ಎರಡು.

"ವೈನಿ, ನಾ ತವರಿಗೆ ಬಂದೇನೋ, ಸೀನಾಕ ಬಂದೇನೋ, ಅದನ್ನರೆ ಹೇಳ್ರಿ."

ದೊಡ್ಡವ್ವನ ಕಣ್ಣಿಗೆ ಎರಡು ಸೀನೂ ಹೆಚ್ಚೇ. ಪರದೆ ಹಿತ್ತಲಿಗೆ ಹೋಯಿತು. ಕಿಟಕಿ ಮತ್ತೆ ಬೋಳಾಯಿತು.

ಬದಲಿಗೆ ಏನಾದರೂ ಸಿಕ್ಕೀತೇ ಎಂದು ಟ್ರಂಕು ತೆಗೆದೆ. ನನ್ನ ಮದುವೆಗೆಂದು ದೊಡ್ಡವ್ವ ಹಳೇ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿ ತಳದಲ್ಲಿತ್ತು. ಅದನ್ನೇ ಬಿದಿರಿಗೆ ಕಟ್ಟಿದೆ. ಭಾರಕ್ಕೆ ಕೋಲು ಬಾಗಿತು, ಇನ್ನೊಂದು ಸೇರಿಸಿ ಬಿಗಿದೆ. ನಾದಿನಿಯನ್ನು ಹತ್ತಿರ ಕೂಡ್ರಿಸಿ ಕಾದೆ. ಒಂದು ಸೀನೂ ಬರಲಿಲ್ಲ.

ದೊಡ್ಡವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ಕಿಟಕಿಯ ಕೌದಿಯ ಮೇಲೆ ಕೈಯಾಡಿಸಿ, ಹೊಲಿಗೆಯಿಂದಲೇ ಗುರುತು ಹಿಡಿದು, "ಹೊದ್ಕೋ ಅಂತ ಕೊಟ್ರ ತೂಗಹಾಕೀಯೇನ?" ಅಂದಳು.

"ಈಗ ಕಿಟಕಿ ಹೊದ್ಕೊಂಡೈತಿ ಬಿಡಬೇ."

ಮರುದಿನ ಹಾವೇರಿಗೆ ಹೋಗಿ ಪಟ್ಟಿ ಬಿಚ್ಚಿಸಿಕೊಂಡು ಬಂದೆವು. ಅದರ ಮಾರನೇ ಬೆಳಿಗ್ಗೆ ಆಕೆ ಊರಿಗೆ ಹೊರಡುವುದಿತ್ತು. ನಾನು ಚಹಾ ತಂದಾಗ ಕೌದಿಗೆ ಮುಖ ಹಚ್ಚಿ ನಿಂತಿದ್ದಳು.

"ಇದನ್ನ ಯಾರು ಹೊಲದಾರ?"

"ನೀನ."

"ಹಸರ ಸಾಲಿನ್ಯಾಗ ನೀಲಿ ಯಾಕ ಹಚ್ಚಲಿ ನಾನು?"

ಆರು ವರ್ಷ ಆ ನೀಲಿ ಚೌಕಗಳನ್ನು ನಾನು ಆಕೆಯ ಕಲೆ ಅಂದುಕೊಂಡಿದ್ದೆ. ಪೊರೆ ಆಗಲೇ ಬಂದಿತ್ತು. ಆಕೆ ಹಸಿರೆಂದೇ ಹಚ್ಚಿದ್ದಳು.

"ಬಿಚ್ಚಿ ಹಚ್ಚೂದ ಇದು. ಸೂಜಿ ತಾ."

"ಡಾಕ್ಟರು ತಿಂಗಳತನಕ ಸೂಜಿ ಮುಟ್ಟಬ್ಯಾಡಂದಾರ."

ದೊಡ್ಡವ್ವ ಬೆರಳಿಟ್ಟು ನೀಲಿಗಳನ್ನು ಎಣಿಸಿದಳು. ಒಂಬತ್ತು. ಮತ್ತೊಮ್ಮೆ ಎಣಿಸಿದಳು. ಆಮೇಲೆ ತನ್ನ ಕೈಚೀಲವನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿ, ಅಂಗಾತ ಮಲಗಿ, ಕಣ್ಣು ಅಗಲಿಸಿದಳು.

"ಹನಿ ಹಾಕು. ಹೊತ್ತಾತು."