ಕುರಿಯುಣ್ಣೆಯ ಸ್ಟುಡಿಯೊ

ದ್ರೆನೊವಿಕ್ ಊರಲ್ಲಿ ರಾತೊಮಿರ್ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಬೂಟಿನ ರಾತ ಅನ್ನಬೇಕು. ಸಹಕಾರ ಸಂಘದ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದವನ ಕೈಗೆ, ಜರ್ಮನಿಯಲ್ಲಿ ದುಡಿಯುತ್ತಿದ್ದ ಚಿಕ್ಕಪ್ಪ ಒಂದು ವಿಡಿಯೊ ಕ್ಯಾಮೆರಾ ತಂದುಕೊಟ್ಟ. ಜೊತೆಗೆ ಬಂದ ಪುಸ್ತಕ ಜರ್ಮನ್ ಭಾಷೆಯದು. ಅದನ್ನು ಕುಂಟುವ ಮೇಜಿನ ಕಾಲಿಗೆ ಕೊಟ್ಟು, ಕಂಡ ಕಂಡ ಗುಂಡಿ ಒತ್ತಿ ರಾತ ತಾನೇ ಕಲಿತ. ಮೊದಲು ಚಿತ್ರ ತೆಗೆದದ್ದು ಗೆಳೆಯ ಸ್ಲಾವಿಶನ ಮದುವೆಯನ್ನು. ಚಾಲೂ ಆಗಿದೆ ಅಂದುಕೊಂಡಾಗ ನಿಂತಿತ್ತು, ನಿಂತಿದೆ ಅಂದುಕೊಂಡಾಗ ಓಡುತ್ತಿತ್ತು. ಊರೆಲ್ಲ ಕೂತು ನೋಡಿದರೆ ವಧುವೂ ಇಲ್ಲ, ಪಾದ್ರಿಯೂ ಇಲ್ಲ. ಬರೀ ರಾತನ ಬೂಟು, ಹುಲ್ಲು, ಒಂದೆರಡು ಕೋಳಿ.

ಬೇರೆ ಮದುಮಗನಾಗಿದ್ದರೆ ಕ್ಯಾಮೆರಾವನ್ನು ಅವನ ತಲೆಗೇ ಕುಕ್ಕುತ್ತಿದ್ದ. ಸ್ಲಾವಿಶ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬೂಟು ಚೆನ್ನಾಗೇ ಬಂದಿದೆ ಕಣೋ! ಬರೋ ಭಾನುವಾರ ಎಲ್ಲರೂ ಅದೇ ಬಟ್ಟೆ ಹಾಕ್ಕೊಂಡು ಬನ್ರಪ್ಪಾ, ಇನ್ನೊಂದ್ಸಲ ಮದುವೆ ಆಗ್ತೀನಿ. ಹುಡುಗಿ ಮಾತ್ರ ಅವಳೇ!"

ಜನ ಬಂದರು ಕೂಡ. ಆ ಒಂದು ನಗುವಿಗೆ ರಾತ ತನ್ನನ್ನೇ ಮಾರಿಕೊಂಡ.

ಮುಂದೆ ರಾತ ಯಾಸ್ನಳನ್ನು ಮದುವೆಯಾದಾಗ ಬೆನ್ನ ಹಿಂದೆ ಮೇಣದ ಬತ್ತಿ ಹಿಡಿದು ಸಾಕ್ಷಿ ನಿಂತವನು ಸ್ಲಾವಿಶ. ಮಗಳಿಗೆ ಹೆಸರಿಟ್ಟವನೂ ಅವನೇ. ಹಾಗಾಗಿ ಅವನು ಕೂಮನಾದ. ಕೂಮ ಅಂದರೆ ಒಡಹುಟ್ಟಿದವನಿಗಿಂತ ಒಂದು ತೂಕ ಹೆಚ್ಚು. ಅವನ ಜೊತೆ ಜಗಳವಿಲ್ಲ, ವ್ಯಾಜ್ಯವಿಲ್ಲ, ಅಂದಿನಿಂದ ಹೆಸರು ಹಿಡಿದು ಕರೆಯುವುದೂ ಇಲ್ಲ. ಒಟ್ಟಿಗೆ ಗೋಲಿಯಾಡಿ ಬೆಳೆದವರಾದರೂ ಸಾಯುವ ತನಕ ಒಬ್ಬರಿಗೊಬ್ಬರು 'ಕೂಮ' ಎಂದೇ. ಹೆಸರು ಬಾಯಿಗೆ ಬಂತೆಂದರೆ ಸಂಬಂಧ ಕಡಿದುಹೋಯಿತು ಎಂದೇ ಲೆಕ್ಕ.

ಸ್ಟುಡಿಯೊ ಕಟ್ಟುವ ಹುಚ್ಚು ರಾತನ ತಲೆಗೇರಿದಾಗ ಕೂಮ ತನ್ನಪ್ಪನ ಕಾಲದ ಹಾಳುಬಿದ್ದ ಹಾಲಿನ ಡೇರಿ ತೋರಿಸಿ, "ತಗೋ ಕೂಮಾ, ನಿಂದೇ ಇದು" ಎಂದ. ಸೋರುವ ಸೂರಿಗೆ ರಾತ ತಾನೇ ಹತ್ತಿ ಹೆಂಚು ಹೊದಿಸಿದ. ಹೊರಗಿನ ಸದ್ದು ತಡೆಯುವ ಸಾಮಾನು ಕೊಳ್ಳುವ ತಾಕತ್ತು ಅವನಿಗಿರಲಿಲ್ಲ. ಬೆಟ್ಟದ ಕುರಿಗಾಹಿಗಳು ಯಾರಿಗೂ ಬೇಡವೆಂದು ಎಸೆಯುವ ಒರಟು ಉಣ್ಣೆಯನ್ನು ಚೀಲಗಟ್ಟಲೆ ಹೊತ್ತು ತಂದು, ಗೋಡೆಗೆ ಹಲಗೆ ಬಡಿದು, ಒಳಗೆ ತುರುಕಿದ. ಮಳೆ ಬಂದರೆ ಇಡೀ ಸ್ಟುಡಿಯೊ ನೆನೆದ ಟಗರಿನ ವಾಸನೆ ಹೊಡೆಯುತ್ತಿತ್ತು. ಆದರೆ ಬಾಗಿಲು ಹಾಕಿದರೆ ಪಕ್ಕದಲ್ಲಿ ರೈಲು ಹೋದರೂ ಕೇಳಿಸದು. ಪಟ್ಟಣದ ಹಾಡುಗಾರರು ಮೂಗು ಮುಚ್ಚಿಕೊಂಡೇ ಬಂದು ಹಾಡು ಚಿತ್ರೀಕರಿಸಿಕೊಂಡು ಹೋಗತೊಡಗಿದರು. ಬೇಸಿಗೆಯ ಮದುವೆಗಳಲ್ಲಿ ದುಡಿದದ್ದನ್ನೆಲ್ಲ ರಾತ ಚಳಿಗಾಲದಲ್ಲಿ ಆ ಗೋಡೆಗಳಿಗೇ ಸುರಿದ.

"ಒಂದು ಕಾಗದ ಮಾಡಿಸ್ಕೋ ಮಾರಾಯಾ," ಎಂದು ಯಾಸ್ನ ಹೇಳದ ವರ್ಷವಿಲ್ಲ.

"ಕೂಮನ ಹತ್ರ ಕಾಗದ ಕೇಳೋದಾ? ನಾಳೆ ದೇವರ ಹತ್ರ ರಸೀದಿ ಕೇಳು ಅಂತೀಯ!"

ಇಂಥ ತಪ್ಪು ಮಾಡಲು ನಮ್ಮೂರವರೇ ಆಗಬೇಕು.

ಹೋದ ಸೆಪ್ಟೆಂಬರಿನಲ್ಲಿ ಮಿಲೆಂಕೊ ಎಂಬ ಹುಡುಗನ ಮದುವೆ. ಅಲ್ಲಿಯೂ ಕೂಮನಾಗಿ ನಿಂತವನು ಸ್ಲಾವಿಶ. ರಾತ ಬೆಳಗ್ಗೆಯೇ ಅವನ ಕೋಟಿಗೆ ಪುಟ್ಟ ಮೈಕು ಸಿಕ್ಕಿಸಿ, ತನ್ನ ಕಿವಿಗೆ ಹೆಡ್‌ಫೋನ್ ಏರಿಸಿದ್ದ. ಹೆಣ್ಣಿನ ಮನೆಯ ಮುಂದೆ ಉದ್ದನೆಯ ಕಂಬದ ತುದಿಗೆ ಸೇಬು ಕಟ್ಟಿದ್ದರು. ಮದುಮಗ ಗುಂಡು ಹೊಡೆದು ಅದನ್ನು ಬೀಳಿಸುವ ತನಕ ವಧುವನ್ನು ಹೊರಗೆ ಬಿಡುವುದಿಲ್ಲ. ರಾತ ಕ್ಯಾಮೆರಾವನ್ನು ಸೇಬಿಗೆ ನೆಟ್ಟು ಉಸಿರು ಹಿಡಿದ. ಆಗ ಕಿವಿಯೊಳಗೆ ಕೂಮನ ದನಿ ಬಂತು. ಕೊಟ್ಟಿಗೆಯ ಹಿಂದೆ ಯಾರೊಂದಿಗೋ ಮಾತಾಡುತ್ತಿದ್ದ.

"ಉಣ್ಣೆ ಕಿತ್ತು ಬಿಸಾಕೋದು ಒಂದ್ಹೊತ್ತಿನ ಕೆಲಸ. ನಿನ್ನ ಟೈರ್ ಅಂಗಡಿಗೆ ಹೇಳಿ ಮಾಡಿಸಿದ ಜಾಗ."

"ಅವನು ಸುಮ್ನಿರ್ತಾನಾ?"

"ಯಾರು, ಬೂಟಿನ ರಾತನಾ? ಎರಡು ದಿನ ಮೂತಿ ಊದಿಸ್ಕೊಂಡಿರ್ತಾನೆ. ಆಮೇಲೆ ಅವನೇ ಸಾರಾಯಿ ಬಾಟ್ಲಿ ಹಿಡ್ಕೊಂಡು ಬರ್ತಾನೆ. ಕೂಮನ ಮೇಲೆ ಕೋರ್ಟಿಗೆ ಹೋಗೋ ಗಂಡಸು ಈ ಊರಲ್ಲಿ ಹುಟ್ಟಿಲ್ಲ ಬಿಡು."

ಊರೆಲ್ಲ ಬೂಟಿನ ರಾತ ಅಂದರೂ ಕೂಮ ಮಾತ್ರ ಒಮ್ಮೆಯೂ ಹಾಗೆ ಅಂದವನಲ್ಲ. ಸ್ಟುಡಿಯೊ ಹೋಗುವುದಕ್ಕಿಂತ ಅದೇ ಮೊದಲು ಎದೆಗೆ ನಾಟಿತು. ಮಿಲೆಂಕೊ ಗುರಿ ತಪ್ಪಿದ, ಮತ್ತೆ ತಪ್ಪಿದ, ಕೊನೆಗೆ ಸೇಬು ಚೂರಾಗಿ ಹಾರಿತು. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಲಿಲ್ಲ.

ಊಟವಾದ ಮೇಲೆ ರಾತ ಮೈಕು ಬಿಚ್ಚಿಕೊಳ್ಳಲು ಹೋದಾಗ ಅದರ ಪುಟ್ಟ ಕೆಂಪು ದೀಪ ಉರಿಯುತ್ತಿರುವುದು ಸ್ಲಾವಿಶನ ಕಣ್ಣಿಗೆ ಬಿತ್ತು.

"ಇದು... ಚಾಲೂ ಇತ್ತಾ?"

"ಬೆಳಗ್ಗೆಯಿಂದ ಇತ್ತು ಕೂಮಾ."

ಸ್ಲಾವಿಶ ಅತ್ತಿತ್ತ ನೋಡಿದ. "ನೋಡು, ಕಟ್ಟಡ ನಮ್ಮಪ್ಪಂದು. ಉಪಯೋಗಿಸ್ಕೋ ಅಂದೆ ಅಷ್ಟೇ. ಬರ್ಕೊಟ್ಟಿದ್ನಾ?"

ರಾತ ಮೈಕಿನ ತಂತಿ ಸುತ್ತಿಕೊಂಡು ಹೊರಟುಬಂದ.

ಆ ಮದುವೆಯ ಚಿತ್ರವನ್ನು ಉಣ್ಣೆಯ ಗೋಡೆಗಳ ನಡುವೆಯೇ ಕೂತು ಜೋಡಿಸಿದ. ಮೋಸ ಮಾಡಿದವನ ಮುಖವನ್ನು ಕತ್ತರಿಸಿ ಎಸೆಯೋಣವೆಂದರೆ ಕೂಮನಿಲ್ಲದ ಮದುವೆ ಎಲ್ಲಿದೆ? ಬತ್ತಿ ಹಿಡಿದವನು ಅವನು, ಕುಣಿತಕ್ಕೆ ಮುಂದಾಳು ಅವನು. ದಿನವಿಡೀ ಆ ಮುಖಕ್ಕೆ ಬೆಳಕು ಸರಿಮಾಡುತ್ತಾ ಕೂರಬೇಕಾಯಿತು. ಒಮ್ಮೆ ಸಿಟ್ಟು ನೆತ್ತಿಗೇರಿ, ಸೇಬಿನ ದೃಶ್ಯದಡಿ ಆ ಕೊಟ್ಟಿಗೆಯ ಮಾತನ್ನು ಹಾಗೇ ಸೇರಿಸಿಬಿಟ್ಟ. ಯಾಸ್ನ ಬಂದು ಅದನ್ನು ಕೇಳಿಸಿಕೊಂಡಳು.

"ಇರಲಿ ಬಿಡು, ಊರೆಲ್ಲ ಕೇಳಲಿ," ಎಂದಳು.

"ಇದು ಆ ಹುಡುಗಿ ಮದುವೆ ಕಣೆ. ಅವಳೇನು ಪಾಪ ಮಾಡಿದ್ಲು?" ಎಂದು ರಾತ ಅದನ್ನು ಅಳಿಸಿದ.

ಭಾನುವಾರ ಮಧ್ಯಾಹ್ನ ಮಿಲೆಂಕೊನ ಮನೆಯಲ್ಲಿ ಎಲ್ಲರೂ ಚಿತ್ರ ನೋಡಲು ಸೇರಿದರು. ಸ್ಲಾವಿಶನಿಗೆ ಮುಂದಿನ ಸಾಲು. ಸೇಬು ಬಂದಾಗ ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದುದನ್ನು ರಾತ ಹಿಂದಿನಿಂದ ನೋಡಿದ. ಗುಂಡಿನ ಸದ್ದು ಬಂತು, ವಾದ್ಯದ ಸದ್ದು ಬಂತು, ಮತ್ತೇನೂ ಬರಲಿಲ್ಲ. ಸ್ಲಾವಿಶ ದೊಡ್ಡ ಉಸಿರು ಬಿಟ್ಟು, ಎದ್ದು, ಕೈಯಗಲಿಸಿದ.

"ನೋಡಿದ್ರಾ ಕೈ ಹೇಗೆ ನಿಂತಿದೆ! ನನ್ನ ಕೂಮನ ಹಾಗೆ ಯಾರಿದ್ದಾರೆ ಹೇಳಿ? ಬಾ ಕೂಮಾ, ಒಂದು ಲೋಟ ಕುಡಿಯೋಣ!"

ರಾತ ಅವನ ಹತ್ತಿರ ನಡೆದು, ಜೇಬಿನಿಂದ ಡೇರಿಯ ಬೀಗದ ಕೈ ತೆಗೆದು, ಎಲ್ಲರ ಮುಂದೆ ಚಾಚಿದ.

"ತಗೋ ಸ್ಲಾವಿಶ," ಎಂದ.

ವಾದ್ಯದವರು ಪರದೆಯ ಮೇಲೆ ಬಾರಿಸುತ್ತಲೇ ಇದ್ದರು. ಮದುಮಗನ ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಸ್ಲಾವಿಶನ ಪಕ್ಕದ ಕುರ್ಚಿಯಿಂದ ಎದ್ದು ಹೋದಳು.