ಆರಾಮದ ಹನ್ನೊಂದು ಕಿಲೋ

ಕಳೆದುಹೋದದ್ದು ಮರಳಿ ಸಿಕ್ಕಾಗ ಮುಖ ಸಣ್ಣದು ಮಾಡಿಕೊಂಡ ಮನುಷ್ಯ ಈ ಕಲಬುರಗಿಯಲ್ಲಿ ನಾನೊಬ್ಬನೇ ಇರಬೇಕು. ಕಳೆದದ್ದು ಕೊಡೆಯಲ್ಲ, ಕನ್ನಡಕವಲ್ಲ. ಹನ್ನೊಂದು ಕಿಲೋ ತೂಕ. ವರ್ಷವಿಡೀ ಬೆವರು ಸುರಿಸಿ ಕಳೆದಿದ್ದೆ. ಆರೇ ತಿಂಗಳಲ್ಲಿ ಅದು ಮನೆ ಹುಡುಕಿಕೊಂಡು ಬಂತು. ಹೋಗುವಾಗ ಹನ್ನೊಂದಿದ್ದದ್ದು ಬರುವಾಗ ಹನ್ನೆರಡಾಗಿತ್ತು. ದಾರಿಯಲ್ಲಿ ಯಾರೋ ಪರಿಚಯದವರು ಸಿಕ್ಕಿರಬೇಕು, ಜೊತೆಗೆ ಕರೆದುಕೊಂಡು ಬಂದಿದೆ.

ಕರಗಿದ ತೂಕ ಎಲ್ಲಿಗೆ ಹೋಗುತ್ತದೆ? ನಾನು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಬಹುಪಾಲು ಉಸಿರಾಗಿ ಗಾಳಿಗೆ ಸೇರುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸುವವನು. ಆದರೆ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಅತ್ತ ನಿದ್ದೆಯಲ್ಲದ ಇತ್ತ ಎಚ್ಚರವಲ್ಲದ ಹೊತ್ತಿನಲ್ಲಿ ನನಗೆ ಕಾಣುವುದೇ ಬೇರೆ. ಹೊರಗೆ ತೊಗರಿ ಹೊಲಗಳು ಮಂಜಿನಲ್ಲಿ ಹಿಂದಕ್ಕೆ ಸರಿಯುತ್ತಿರುತ್ತವೆ. ಅವುಗಳ ಬದುವಿನ ಮೇಲೆ ನನ್ನ ಹನ್ನೊಂದು ಕಿಲೋ ಕೈಬೀಸಿಕೊಂಡು ಬಸ್ಸಿನ ಜೊತೆ ಜೊತೆಗೇ ನಡೆದು ಬರುತ್ತಿರುತ್ತದೆ. ನಾನು ತೆಳ್ಳಗೆ, ಹಗುರಾಗಿ, ಸೀಟಿನಿಂದ ಒಂದು ಗೇಣು ಮೇಲೆ ತೇಲುತ್ತಿರುತ್ತೇನೆ. ಅಷ್ಟರಲ್ಲಿ ಕಂಡಕ್ಟರ್ ಬಂದು, "ಸರ್, ಜರಾ ಸರೀರಿ, ಇನ್ನೊಬ್ರು ಕೂಡ್ಲಿ" ಎನ್ನುತ್ತಾನೆ. ನಾನು ಸರಿಯುತ್ತೇನೆ. ಆದರೂ ಇನ್ನೊಬ್ಬರಿಗೆ ಜಾಗವಾಗುವುದಿಲ್ಲ.

ಆ ತೂಕ ಕಳೆದದ್ದು ನನ್ನೊಬ್ಬನ ಪೌರುಷದಿಂದಲ್ಲ. ಸೇಡಂ ರಸ್ತೆಯಲ್ಲಿ ನಮ್ಮ ಓಣಿಯ ಬಾಯಲ್ಲೇ ಟೇಲರ್ ಇಸ್ಮಾಯಿಲ್ ಭಾಯಿಯ ಅಂಗಡಿ. ಅವರಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಲೇಬೇಕೆಂದು ಡಾಕ್ಟರ್ ಹೇಳಿದ್ದರು. ಆದರೆ ಒಂಟಿಯಾಗಿ ನಡೆಯಲು ಅವರಿಗೆ ಭಾರೀ ಸಂಕೋಚ. "ಒಬ್ಬಂವ ಸುಮ್ಮಸುಮ್ಮನ ನಡದ್ರ ಹುಚ್ಚ ಅಂತಾರ್ರಿ ಸರ್. ಇಬ್ರು ನಡದ್ರ ವಾಕಿಂಗ್ ಅಂತಾರ" ಎಂದು ನನ್ನನ್ನು ಎಳೆದುಕೊಂಡು ಹೊರಟರು. ಅವರ ಮರ್ಯಾದೆ ಉಳಿಸಲು ನಾನು ಹೋದೆ, ನನ್ನ ಹೊಟ್ಟೆ ಇಳಿಯಿತು.

ಐವಾನ್-ಎ-ಶಾಹಿ ಅತಿಥಿಗೃಹದ ಕಡೆಯ ಆ ಬೆಳಗುಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಬಿಸಿಲೂರು ಎಂದು ನಮ್ಮೂರನ್ನು ಬೈಯುವವರು ಐದೂವರೆಗೆ ಅಲ್ಲಿಗೆ ಬಂದು ನೋಡಬೇಕು. ಬೇವಿನ ಗಿಡಗಳ ಕೆಳಗೆ ತಂಪು ಇನ್ನೂ ಹಾಸಿಗೆ ಬಿಟ್ಟೆದ್ದಿರುವುದಿಲ್ಲ. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಇಸ್ಮಾಯಿಲ್ ಭಾಯಿ ಎದುರು ಬಂದವರ ಸೊಂಟವನ್ನು ಕಣ್ಣಲ್ಲೇ ಅಳೆದು "ಮೂವತ್ತೆಂಟು" ಎಂದು ಪಿಸುಗುಟ್ಟುವರು. ತಿಂಗಳಿಗೊಮ್ಮೆ ನನ್ನ ಕಡೆಗೂ ನೋಡಿ "ಅರ್ಧ ಇಂಚು ಇಳದದ" ಎನ್ನುವರು. ಆ ಅರ್ಧ ಇಂಚಿಗಾಗಿ ನಾನು ಮುಂದಿನ ತಿಂಗಳೆಲ್ಲ ನಡೆಯುತ್ತಿದ್ದೆ. ಕೊನೆಗೊಮ್ಮೆ ನನ್ನ ಎರಡು ಪ್ಯಾಂಟುಗಳನ್ನು ಅವರ ಮುಂದೆ ಹಾಕಿ, "ಬಿಗಿ ಮಾಡ್ರಿ ಭಾಯಿ. ಒಳಗಿನ ಹೆಚ್ಚಿನ ಬಟ್ಟೆ ಕತ್ತರಿಸಿ ಒಗೀರಿ. ಇನ್ನು ಆ ಕಾಲ ತಿರುಗಿ ಬರಂಗಿಲ್ಲ" ಎಂದೆ. ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡರು.

ಕೆಟ್ಟದ್ದು ಎಲ್ಲಿ ಅಂತೀರಿ? 'ಆರಾಮ' ಎಂಬ ಒಂದು ಶಬ್ದದಲ್ಲಿ. ನಮ್ಮ ಸೀಮೆಯಲ್ಲಿ ಯಾರು ಎದುರಾದರೂ ಮೊದಲು ಕೇಳುವುದು "ಆರಾಮ ಇದ್ದೀರೇನ್ರೀ?" ಎಂದು. ಪಾರಸಿಯಿಂದ ಉರ್ದುವಿಗೆ, ಅಲ್ಲಿಂದ ನಮ್ಮ ನಾಲಿಗೆಗೆ ಬಂದ ಈ ಶಬ್ದ ದಾರಿಯಲ್ಲಿ ಎರಡು ಅರ್ಥ ಕಟ್ಟಿಕೊಂಡು ಬಂದಿದೆ. ಆರೋಗ್ಯವೂ ಆರಾಮ, ಕಾಲು ಚಾಚಿ ಬಿದ್ದುಕೊಳ್ಳುವುದೂ ಆರಾಮ. ಜ್ವರ ಬಂದವನಿಗೂ ಆರಾಮಿಲ್ಲ, ದುಡಿಯುವವನಿಗೂ ಆರಾಮಿಲ್ಲ. ಹೀಗಾಗಿ ಮೈ ತುಂಬಿಕೊಂಡು ಕೂತವನು ಆರಾಮದಲ್ಲಿದ್ದಾನೆ, ಇಳಿದವನಿಗೆ ಏನೋ ಆಗಿದೆ ಎಂದೇ ನಮ್ಮ ಜನರ ಲೆಕ್ಕ.

ನನಗೂ ಏನೋ ಆಗಿದೆ ಎಂದು ಸುದ್ದಿಯಾಯಿತು. ತಾಜಸುಲ್ತಾನಪುರದಿಂದ ಸೋದರತ್ತೆ ಬಂದು ನನ್ನ ಕೆನ್ನೆ ಸವರಿ ಅತ್ತೇಬಿಟ್ಟಳು. "ಖರೆ ಹೇಳು ಮಗಾ, ಡಾಕ್ಟರ್ ಏನಂದಾರ? ನನ್ನ ಮುಂದೂ ಮುಚ್ಚಿಡ್ತಿ?" ಏನೂ ಇಲ್ಲ ಎಂದಷ್ಟೂ ಅವಳ ಅಳು ಹೆಚ್ಚಾಯಿತು. ಕಮಲಾಪುರದ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ರೋಗಿಯನ್ನು ನೋಡಲು ಮನೆಗೆ ಬಂದರು. ಆರಾಮಿಲ್ಲದವರ ಮನೆಗೆ ಬರಿಗೈಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಕಮಲಾಪುರದವರು ಏನು ತರುತ್ತಾರೆ? ಕೆಂಪು ಬಾಳೆಹಣ್ಣು. ದಪ್ಪಗೆ, ಗಮಗಮ ಎನ್ನುವ, ಸಿಪ್ಪೆ ಸುಲಿಯುವ ಮೊದಲೇ ಬಾಯಲ್ಲಿ ನೀರೂರಿಸುವ ಹಣ್ಣು. ಟೇಬಲ್ಲಿನ ಮೇಲೆ ಗೊನೆಗಳ ರಾಶಿಯಾಯಿತು. ಅಷ್ಟು ಪ್ರೀತಿಯನ್ನು ಕೊಳೆಯಲು ಬಿಡುವುದು ಹೇಗೆ? ದಿನಕ್ಕೆ ಎರಡು ತಿಂದೆ, ಆಮೇಲೆ ನಾಲ್ಕು. ತಿಂದ ಮೇಲೆ ಸ್ವಲ್ಪ ಒರಗಿದೆ. ನಡುವೆ ಪರೀಕ್ಷೆಯ ಕೆಲಸ ಬಂತು, ನಾಲ್ಕು ದಿನ ವಾಕಿಂಗ್ ತಪ್ಪಿತು. ಐದನೆಯ ದಿನ ಇಸ್ಮಾಯಿಲ್ ಭಾಯಿ ಬಾಗಿಲಿಗೆ ಬಂದಾಗ, "ನಾಳೆ ಬರ್ತೀನ್ರಿ" ಎಂದೆ. ಹೀಗೆ ಮೂರು ಸಲ ಅಂದಮೇಲೆ ಅವರು ಬರುವುದನ್ನು ಬಿಟ್ಟರು.

ತೂಕ ಮರಳಿದ್ದಕ್ಕಿಂತ ಕೆಟ್ಟದ್ದು ಅದರ ಜೊತೆ ಬಂದ ನಾಚಿಕೆ. ಇಡೀ ಜಗತ್ತಿನ ಕಣ್ಣು ತಪ್ಪಿಸಬಹುದು, ಟೇಲರನ ಕಣ್ಣು ತಪ್ಪಿಸಲಾಗದು. ಅವರ ಅಂಗಡಿಯ ಮುಂದೆ ಹಾದುಹೋಗಬಾರದೆಂದು ಹಿಂದಿನ ಓಣಿಯಿಂದ ಸುತ್ತುಹಾಕಿ ಬಸ್ಸಿಗೆ ಹೋಗತೊಡಗಿದೆ. ಆ ಹೊಸ ದಾರಿಯಲ್ಲಿ ನೂರು ಹೆಜ್ಜೆ ಹೆಚ್ಚಾಗುತ್ತಿತ್ತು. ಅದನ್ನೇ ವ್ಯಾಯಾಮ ಎಂದುಕೊಂಡೆ. ಸೊಂಟಕ್ಕೆ ಇಲಾಸ್ಟಿಕ್ ಇದ್ದ ಸಿದ್ಧ ಪ್ಯಾಂಟು ಬೇರೆ ಕಡೆಯಿಂದ ತಂದುಕೊಂಡೆ. ಟೇಲರ್ ಸ್ನೇಹಿತನಿಗೆ ಇದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿದೆಯೇ?

ಹೋದ ತಿಂಗಳು ನನ್ನ ಹೆಂಡತಿ ಶಾಂತಾ ರವಿಕೆ ಹೊಲಿಸಲು ಹೋಗಿ ಬಂದವಳೇ ಚೀಲವನ್ನು ಧಪ್ ಎಂದು ಇಟ್ಟಳು. "ನೀವಿಲ್ಲಿ ಬಾಳೆಹಣ್ಣು ತಿನ್ಕೋತ ಕೂಡ್ರಿ. ಅಲ್ಲಿ ಇಸ್ಮಾಯಿಲ್ ಭಾಯಿ ಕಾಲಿಗೆ ಪಟ್ಟಿ ಕಟ್ಕೊಂಡು ಮಿಷನ್ ತುಳಿಲಾಕತ್ತಾರ. ನೀವು ಬಿಟ್ಟ ಮ್ಯಾಲ ಅವರೂ ನಡೆಯೋದು ಬಿಟ್ಟಾರಂತ. ಸಕ್ರಿ ಏರಿ ಬೆರಳಿಗೆ ಗಾಯ ಆಗ್ಯದ."

ಬಾಯಲ್ಲಿದ್ದ ಹಣ್ಣು ಕಹಿಯಾಯಿತು. ಕೇಡು ಮಾಡಿದ್ದು ನನ್ನ ಮೈಯೊಂದಕ್ಕೇ ಎಂದುಕೊಂಡಿದ್ದೆನಲ್ಲ! ನಾಚಿಕೊಂಡು ಮನೆಯಲ್ಲಿ ಕೂತವನು ನಾನು, ಅಲ್ಲಿ ಅವರ ಸಕ್ಕರೆ ಏರುತ್ತಿತ್ತು. ಮನಸ್ಸಿಗೆ ಬಹಳ ನೋವಾಯಿತು. ಬಿಗಿಯಾದ ಆ ಎರಡು ಪ್ಯಾಂಟುಗಳನ್ನು ಹಿಡಿದು ಅಂಗಡಿಗೆ ಹೋದೆ.

ಇಸ್ಮಾಯಿಲ್ ಭಾಯಿ ತಲೆಯೆತ್ತಿ, ಕಣ್ಣಲ್ಲೇ ಅಳತೆ ತೆಗೆದು, "ಬರ್ರಿ ಸರ್, ಭಾಳ ಆರಾಮ ಆಗೀರಿ ನೋಡ್ರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಗಾಯದ ಬಗ್ಗೆ ಕೇಳಿದೆ. "ಮಾಯಲಾಕತ್ತದ್ರಿ. ಪೂರಾ ಮಾದ ಮ್ಯಾಲ ಬೂಟ ಹಾಕ್ಕೊಂಡು ಹಗೂರ ನಡೀರಿ ಅಂದಾರ ಡಾಕ್ಟರ್. ಇನ್ನೊಮ್ಮೆ ಹಿಂಗಾದ್ರ ಬೆರಳು ತೆಗೀಬೇಕಾಗ್ತದಂತ." ಬೆರಳು ಎಂಬ ಶಬ್ದವನ್ನು ಅವರು ಗುಂಡಿ ಎಂಬಷ್ಟು ಹಗುರಾಗಿ ಆಡಿದರು, ಆದರೆ ಕಾಲು ಮಿಷನ್ನಿನ ಪೆಡಲ್ ಮೇಲೆ ನಿಂತುಹೋಗಿತ್ತು.

"ಒಬ್ರೇ ಹೋಗಬೇಕಿತ್ತಲ್ರಿ ಭಾಯಿ" ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

"ಮೂರು ದಿನ ಹೋದೆರಿ. ಅಳತಿ ಹೇಳಲಿಕ್ಕೆ ಬಾಜೂಕ ಯಾರೂ ಇಲ್ಲ. ಮಜಾ ಬರ್ಲಿಲ್ಲ."

ಪ್ಯಾಂಟನ್ನು ತಿರುವಿ ಹಿಂದಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದರು. ಒಳಗಿನಿಂದ ಎರಡು ಬೆರಳಗಲದ ಬಟ್ಟೆ ಹೊರಗೆ ಬಂತು. ಬಿಸಿಲು ಕಾಣದ ಅದರ ನೀಲಿ ಇನ್ನೂ ಹೊಚ್ಚ ಹೊಸದಾಗಿತ್ತು. ಕತ್ತರಿಸಿ ಒಗೆಯಲು ಹೇಳಿದ್ದೆನಲ್ಲ ಎಂದೆ.

"ಗಿರಾಕಿ ಹೇಳ್ತಾರ್ರಿ, ನಾವು ಒಳಗ ಮಡಚಿ ಇಡ್ತೀವಿ" ಎಂದು ನಕ್ಕರು. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದರು. ಹಳೆಯ ಬಿಗಿ ಹೊಲಿಗೆ ಇದ್ದ ಕಡೆ ಸೂಜಿಯ ತೂತುಗಳು ಸಾಲಾಗಿ ಕಂಡವು. "ಇದು ಹೋಗಂಗಿಲ್ಲ. ತಿರುಗಿ ಇಳದ್ರ ಹೊಸ ಅಳತಿ ಬ್ಯಾಡ, ಇದೇ ಗೆರಿ ಮ್ಯಾಲ ಹೊಲೀತೀನಿ."

ಆ ತೂತುಗಳನ್ನು ಎಷ್ಟೋ ಹೊತ್ತು ನೋಡುತ್ತ ನಿಂತೆ. ಮೊದಲಿನಿಂದ ಶುರು ಮಾಡಬೇಕಲ್ಲ ಎಂದು ಆರು ತಿಂಗಳು ಹೆದರಿದ್ದೆ. ಒಮ್ಮೆ ಇಳಿದಿದ್ದ ಗುರುತು ನನ್ನ ಪ್ಯಾಂಟಿನಲ್ಲೇ ಇತ್ತು.

ಗಾಯ ಪೂರ್ತಿ ಮಾದ ಮೇಲೆ, ಈ ಸೋಮವಾರ ಇಬ್ಬರೂ ಹೊರಟೆವು. ಕಾಲಿನ ಭಯಕ್ಕೆ ಅವರು ನಿಧಾನ, ಹೊಟ್ಟೆಯ ಭಾರಕ್ಕೆ ನಾನು ನಿಧಾನ. ಬೇವಿನ ಗಿಡಗಳು ಮಾತ್ರ ನಿನ್ನೆಯಷ್ಟೇ ನಮ್ಮನ್ನು ಕಂಡವರ ಹಾಗೆ ಸುಮ್ಮನಿದ್ದವು. ಅವುಗಳ ನೆರಳಿನಲ್ಲಿ ನನ್ನ ಆ ಬಸ್ಸಿನ ಕನಸೊಳಗೇ ನಡೆಯುತ್ತಿದ್ದಂತಿತ್ತು, ಏದುಸಿರೊಂದನ್ನು ಬಿಟ್ಟರೆ. ಮೊದಲು ತಿರುಗುತ್ತಿದ್ದ ಜಾಗದ ಅರ್ಧಕ್ಕೇ ತಿರುಗಿದೆವು. ಆಗ ಇಸ್ಮಾಯಿಲ್ ಭಾಯಿ ನನ್ನ ಕಡೆ ನೋಡದೆ, "ನಾಳೆ ಬರ್ತೀರಿಲ್ರೀ?" ಎಂದರು. ಹಿಂದೆ ಒಂದು ದಿನವೂ ಅವರು ಇದನ್ನು ಕೇಳಿರಲಿಲ್ಲ. "ನಿಮ್ಮಕಿಂತ ಮೊದಲ ಬಂದು ನಿಂತಿರ್ತೀನಿ" ಎಂದೆ.

ಮರಳುವಾಗ ಮೂಲೆಯ ಚಹಾದಂಗಡಿಯವನು ನಮ್ಮನ್ನು ಕಂಡು ಕೂಗಿದ: "ಏನ್ರೀ, ಇಷ್ಟು ದಿನ ಇಬ್ರೂ ಕಾಣಲೇ ಇಲ್ಲ! ಆರಾಮ ಇದ್ರಿಲ್ಲ?"

ಇಸ್ಮಾಯಿಲ್ ಭಾಯಿ ನಿಲ್ಲಲಿಲ್ಲ. ಹೊಸ ಬೂಟಿನ ಕಾಲನ್ನು ಜೋಪಾನವಾಗಿ ಮುಂದಿಡುತ್ತಲೇ ಹೇಳಿದರು: "ಭಾಳ ಆರಾಮ ಇದ್ವಿ ನೋಡಪಾ. ಅದಕ್ಕೇ ಇಬ್ರಿಗೂ ಆರಾಮಿಲ್ಲ."